ಮುಂದಿನ ತಿಂಗಳ ನಾಲ್ಕು ಪುಸ್ತಕ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಪುಸ್ತಕದಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತೊಂದರ ಹೆಂಗಸಿಗೆ ಅಮ್ಮ ಯಾಕಪ್ಪಾ ಎಂದರೆ ಯಾರ ಬಳಿಯೂ ಉತ್ತರವಿಲ್ಲ, ಅಡ್ಡಹೆಸರು ಅಂದಮೇಲೆ ಹಾಗೇ. ಅಲ್ಲಿ ಬೆಡ್‌ಶೀಟನ್ನು ಒಬ್ಬರೇ ಮಡಚುವಂತಿಲ್ಲ. ಇಬ್ಬರು ಎದುರುಬದುರು ನಿಂತು, ತುದಿ ಹಿಡಿದು, ಒಮ್ಮೆ ಕೊಡವಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ದಿನಕ್ಕೆ ನಾನ್ನೂರು. ಒಂಬತ್ತು ವರ್ಷದಿಂದ ಅವಳೆದುರಿಗೆ ನಿಲ್ಲುತ್ತಿದ್ದವಳು ಸ್ವಂತ ಅಣ್ಣನ ಹೆಂಡತಿ. ಅತ್ತಿಗೆ ನಾದಿನಿ ಒಂದೇ ಮನೆ, ಒಂದೇ ಕೆಲಸ; ಜಗಳಕ್ಕೆ ಇನ್ನೇನು ಬೇಕು ಹೇಳಿ! ಆದರೂ ಇಬ್ಬರೂ ಜಗಳವಾಡುತ್ತಿದ್ದದ್ದು ಪುಸ್ತಕದೊಳಗಿನ ಜನರ ಬಗ್ಗೆ ಮಾತ್ರ.

ಅತ್ತಿಗೆ ತಾನಾಗಿ ಪುಸ್ತಕ ಮುಟ್ಟುವವಳಲ್ಲ, ಎರಡು ಪುಟ ತಿರುವಿದರೆ ಆಕಳಿಕೆ. ಆದರೆ ತಿಂಗಳ ಕೊನೆಯ ದಿನ ಬೆಳಿಗ್ಗೆಯೇ ಅವಳ ಕಿವಿ ನೆಟ್ಟಗಾಗುತ್ತಿತ್ತು. ನಾದಿನಿ ಆ ತಿಂಗಳು ಓದಿದ್ದನ್ನೆಲ್ಲ ಒಪ್ಪಿಸಬೇಕು, ಬರುವ ತಿಂಗಳು ಏನು ಓದುತ್ತಾಳೆಂದೂ ಹೇಳಬೇಕು.

ಆ ಸಲ ಐದಿದ್ದವು. ಪತ್ತೇದಾರಿ ಕಥೆಯಲ್ಲಿ ಕೊಲೆ ಮಾಡಿದವನು ಔಷಧಿ ಅಂಗಡಿಯವನು.

"ಅವನ ಮೇಲೇ ನಂಗೆ ಅನುಮಾನ ಇತ್ತು ಕಣೆ. ಕರೀದೇನೇ ಬಂದು ಅಳ್ತಾ ಕೂತಿದ್ನಲ್ಲ!" ಎಂದಳು ಅತ್ತಿಗೆ.

ಮೂರು ತಲೆಮಾರಿನ ದಪ್ಪ ಕಾದಂಬರಿಯನ್ನು ನಾದಿನಿ ಅರ್ಧಕ್ಕೇ ಮುಚ್ಚಿಟ್ಟಿದ್ದಳು, ಅದರಲ್ಲಿ ಎಲ್ಲರಿಗೂ ಒಂದೇ ಕೊರಗು. ಜೇನು ಸಾಕುವವನ ಕಥೆ ಆಮೆಯ ಹಾಗೆ ನಡೆದರೂ ಕೊನೆಗೆ ಅಳಿಸಿತ್ತು. ಸಣ್ಣಕಥೆಗಳ ಪುಸ್ತಕ ಎರಡು: ಒಂದು ಪರವಾಗಿಲ್ಲ, ಇನ್ನೊಂದು ಬರೀ ತಲೆನೋವು.

"ಸರಿ, ಬರೋ ತಿಂಗಳು?"

ಬರುವ ಭಾನುವಾರಕ್ಕೆ ಅಣ್ಣ ತನ್ನ ಗೆಳೆಯನ ತಮ್ಮನನ್ನು ಊಟಕ್ಕೆ ಕರೆದಿದ್ದ. ಅದು ತಂಗಿಯ ಮದುವೆ ಮಾತಿಗೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ನಾದಿನಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹೆದರಿಕೆ ಇರಲಿಲ್ಲವೆಂದಲ್ಲ. ಅತ್ತಿಗೆ ಮುಖ ತಿರುಗಿಸಿದರೆ ಮನೆಯೂ ಹೋಯಿತು, ಎದುರಿಗೆ ನಿಲ್ಲುವವಳೂ ಹೋದಳು.

"ಲೈಬ್ರರಿಯಿಂದ ನಾಲ್ಕು ಪುಸ್ತಕ ತಂದಿಟ್ಟಿದ್ದೀನಿ. ನಾಲ್ಕೂ ಹೆಣ್ಣು ಹೆಣ್ಣನ್ನೇ ಪ್ರೀತಿಸೋ ಕಥೆ."

"ನಾಲ್ಕೂನಾ? ಅದೇನೇ ಅಂಥ ಹಠ?"

"ಹಠ ಅಲ್ಲ ಅತ್ತಿಗೆ. ನಾನೂ ಹಾಗೇ. ಮೊದಲಿಂದ್ಲೂ ಹಾಗೇ. ಮದುವೆ ಬೇಡ ಅಂತಿದ್ದಿದ್ದು ಅದಕ್ಕೇ."

ಬೆಡ್‌ಶೀಟ್ ಇಬ್ಬರ ನಡುವೆ ಜೋತುಬಿತ್ತು. ಒಣಗಿಸುವ ಯಂತ್ರ ಗಡಗಡ ತಿರುಗುತ್ತಲೇ ಇತ್ತು. ನಾದಿನಿ ತನ್ನ ತುದಿ ಬಿಡಲಿಲ್ಲ. ತಮಾಷೆಗೆ ಅಂದೆ ಎಂದು ಮಾತು ನುಂಗಲೂ ಇಲ್ಲ.

ಅತ್ತಿಗೆ ಜೋತುಬಿದ್ದ ಬೆಡ್‌ಶೀಟನ್ನು ಮತ್ತೆ ಎಳೆದು ಬಿಗಿ ಮಾಡಿದಳು. "ನಂಗೆ ಎಲ್ಲಾ ಅರ್ಥ ಆಯ್ತು ಅಂತ ಸುಳ್ಳು ಹೇಳಲ್ಲ. ಆ ಕಥೆಗಳಲ್ಲಿ ಅತ್ತಿಗೆ ಯಾರಾದ್ರೂ ಇದ್ದಾಳಾ?"

"ಒಂದರಲ್ಲಿ ಇದ್ದಾಳೆ. ಹಿಂದಿನ ರಟ್ಟಿನ ಮೇಲೆ ಹಾಕಿದ್ದಾರೆ."

"ಏನ್ಮಾಡ್ತಾಳೆ ಅವಳು?"

"ವಿಷಯ ಗೊತ್ತಾದ ದಿನಾನೇ ನಾದಿನೀನ ಮನೆಯಿಂದ ಆಚೆ ಹಾಕ್ತಾಳೆ."

"ಥೂ, ಅವಳ ಮುಖಕ್ಕೆ ಬೆಂಕಿ ಹಾಕ!" ಅತ್ತಿಗೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಅದನ್ನ ವಾಪಸ್ ಕೊಟ್ಟು ಬೇರೆ ತಗೊಂಡ್ ಬಾ. ಅಂಥವಳ ಕಥೆ ನಾನು ಕೇಳಲ್ಲ."

ಹತ್ತಿರ ಬಂದು ತನ್ನ ಕಡೆಯ ಮೂಲೆಗಳನ್ನು ನಾದಿನಿಯ ಕೈಗಿಟ್ಟವಳು ಆ ಕೈಯನ್ನು ಹಾಗೇ ಹಿಡಿದುಕೊಂಡಳು.

"ಭಾನುವಾರದ ಊಟ ಬೇಡ ಅಂತ ನಿಮ್ಮಣ್ಣನಿಗೆ ಇವತ್ತೇ ಹೇಳೋಣ. ಕೂಗಾಡ್ತಾನೆ. ಕೂಗಾಡ್ಲಿ ಬಿಡು, ನಾವಿಬ್ರಿದ್ದೀವಲ್ಲ."