ಹಕ್ಕಲು ಬಿಡದ ಹೊಲ

ಅವ್ವನ ಕಣ್ಣಿನ ಪೊರೆ ತೆಗೆಸಲು ಮಿಷನ್ ದವಾಖಾನೆಗೆ ಕರೆದುಕೊಂಡು ಹೋಗಿ ಎಂಟು ದಿನ ಅಲ್ಲೇ ಉಳಿದಿದ್ದೆ. ಕೈಗೆ ಕೆಲಸವಿಲ್ಲದೆ ಎಂಟು ದಿನ ಕೂತದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಪಡಸಾಲೆಯಲ್ಲಿ ನನ್ನ ಮಗ್ಗಲಿಗೆ ಒಬ್ಬ ಮುದುಕ ಮಾಸ್ತರ ಇದ್ದ, ಕ್ರಿಸ್ತೀ ಮನುಷ್ಯ. ಅವನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ತಲೆದಿಂಬಿನ ಕೆಳಗೆ ಒಂದು ದಪ್ಪ ಪುಸ್ತಕ.

"ತಮ್ಮಾ, ಕನ್ನಡ ಓದಾಕ ಬರತೈತೇನು?" ಅಂದ.

"ನಾಕನೇ ಇಯತ್ತೆಗೆ ಸಾಲಿ ಬಿಟ್ಟವ್ರಿ. ಅಕ್ಷರ ಕೂಡಿಸಿ ಕೂಡಿಸಿ ಓದ್ತೀನಿ."

"ಚಲೋ ಆತು. ಲಗೂಲಗೂ ಓದುವವರದು ನನಗ ತಿಳಿಯೂದಿಲ್ಲ. ಅಂಜಬ್ಯಾಡ, ಜಾತಿ ಏನೂ ಕೆಡೂದಿಲ್ಲ. ಒಕ್ಕಲುತನದ ಮಾತೇ ಐತಿ."

ಬೆರಳಿಟ್ಟು ಓದಿದೆ. ಸಾವಿರಾರು ವರ್ಷದ ಹಿಂದೆ ಇಸ್ರಾಯೇಲರು ಅನ್ನುವ ಜನಕ್ಕೆ ಅವರ ದೇವರು ಹಾಕಿಕೊಟ್ಟ ಕಟ್ಟಳೆಗಳು ಅವು. ಸುಗ್ಗಿಯಲ್ಲಿ ಹೊಲದ ಅಂಚನ್ನು ಬೋಳಿಸಿದಂತೆ ಕೊಯ್ಯಬಾರದು. ಬಿದ್ದ ತೆನೆ ಆರಿಸಬಾರದು. ಒಂದು ಸಿವುಡು ಮರೆತು ಬಂದರೆ ತರಲು ತಿರುಗಿ ಹೋಗಬಾರದು. ಅದು ಬಡವನದು, ವಿಧವೆಯದು, ತಬ್ಬಲಿಯದು, ಪರದೇಶದಿಂದ ಬಂದು ನಿಮ್ಮಲ್ಲಿ ತಂಗಿದವನದು. ಯಾಕೆಂದರೆ ನೀವೂ ಒಂದು ಕಾಲಕ್ಕೆ ಪರರ ನಾಡಿನಲ್ಲಿ ಪರದೇಶಿಗಳಾಗಿದ್ದಿರಿ.

ಅಲ್ಲಿಗೆ ನನ್ನ ಬೆರಳು ನಿಂತಿತು.

"ಯಾಕ, ಅಕ್ಷರ ಸಿಗವಲ್ದೇನು?"

"ಅಕ್ಷರ ಸಿಕ್ಕಾವ್ರಿ," ಅಂದೆ. ಮುಂದೆ ಓದಲಾಗಲಿಲ್ಲ.

ನನಗೆ ನೆನಪಾದದ್ದು ಏಳೆಂಟು ವರ್ಷದ ಹಿಂದಿನ ಒಂದು ಸುಗ್ಗಿ. ಸ್ವಾತಂತ್ರ್ಯ ಬಂದು ಆರು ತಿಂಗಳಾಗಿತ್ತು. ಆದರೆ ಮೂಡಲಕ್ಕೆ ಮೊಗಲಾಯಿಯಲ್ಲಿ, ಅಂದರೆ ನಿಜಾಮನ ಸೀಮೆಯಲ್ಲಿ, ಇನ್ನೂ ಗಲಭೆ. ಅಲ್ಲಿಯ ಜನ ಮನೆಮಠ ಬಿಟ್ಟು ಗಂಟು ಹೊತ್ತುಕೊಂಡು ನಮ್ಮ ಕಡೆ ಬರುತ್ತಿದ್ದರು. ಹಾಗೆ ಬಂದ ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸಿನವಳು, ತನ್ನ ಮುದಿ ಅಪ್ಪನ ಜೊತೆ ನಮ್ಮೂರ ಹಳ್ಳದ ದಂಡೆಯ ಪಾಳುಗುಡಿಯಲ್ಲಿ ಇಳಿದಿದ್ದಳು. ಮುದುಕನ ಕಾಲು ಬಾತು ಕಂಬದಂತಾಗಿದ್ದವು. ಅವರದೂ ಅಲ್ಲಿ ಎರೆಹೊಲ ಇತ್ತಂತೆ.

ನನ್ನ ಹೊಲ ತಿಕೋಂಡಿ ಊರಿಗೆ ಹೋಗುವ ಹಾದಿಗೆ ಹತ್ತಿಕೊಂಡು ಇತ್ತು. ನನ್ನ ಸುಗ್ಗಿ ಅಂದರೆ ಊರಿಗೆ ಗೊತ್ತು. ಬಿಳಿಜೋಳ ಕಿತ್ತು ಸಾಲು ಹಾಕಿ, ತೆನೆ ಮುರಿದ ಮೇಲೆ, ನಾನು ಬುಟ್ಟಿ ಹಿಡಿದು ಎರಡೆರಡು ಸಲ ಹೊಲ ತಿರುಗುತ್ತಿದ್ದೆ. ನೆಲದ ಮೇಲೆ ಉಳಿದ ತೆನೆಗೆ ನಮ್ಮಲ್ಲಿ ಹಕ್ಕಲು ಅನ್ನುತ್ತಾರೆ. ಎಲ್ಲರ ಹೊಲದಲ್ಲೂ ಬಡವರು ಬಂದು ಹಕ್ಕಲು ಆಯುವ ರೂಢಿ. ನನ್ನ ಹೊಲದಲ್ಲಿ ಆಯಲು ಏನೂ ಇರುತ್ತಿರಲಿಲ್ಲ. ಅದು ನನ್ನ ಹೆಮ್ಮೆ. ಯಾರಿಗೂ ಇಲ್ಲ ಅಂದವನಲ್ಲ ನಾನು. ಬಂದವರಿಗೆ ಕೆಲಸ ಕೊಡುತ್ತಿದ್ದೆ, ಸಂಜೆಗೆ ಉಡಿ ತುಂಬ ತೆನೆ ಅಳೆಯದೆ ಕೊಡುತ್ತಿದ್ದೆ. ದುಡಿಯದೆ ತಿನ್ನುವುದು ಮಾತ್ರ ನನ್ನ ಕಣ್ಣಿಗೆ ಆಗುತ್ತಿರಲಿಲ್ಲ.

ತೆನೆ ಮುರಿಯುವ ದಿನ ಅವಳು ಬದುವಿನ ಮೇಲೆ ಬಂದು ನಿಂತಳು.

"ಅಣ್ಣಾರ, ಹಕ್ಕಲ ಆಯಾಕ ಬರಲೇನ್ರಿ?"

ತೆನೆ ಮುರಿಯುತ್ತಿದ್ದ ಹೆಂಗಸರೆಲ್ಲ ಗೊಳ್ ಅಂತ ನಕ್ಕರು. ಅವರಲ್ಲೊಬ್ಬ ಮುದುಕಿ, "ಈತನ ಹೊಲದಾಗ ಹಕ್ಕಲಾ? ಇಲ್ಲಿಗಿ ಗುಬ್ಬಿ ಬಂದ್ರೂ ಬುತ್ತಿ ಕಟ್ಟಿಕೊಂಡು ಬರಬೇಕು ನನ್ನವ್ವಾ!" ಅಂದಳು. ನನಗೆ ಒಳಗೊಳಗೇ ಹಿಗ್ಗು.

"ಬಿದ್ದದ್ದು ಹೆಕ್ಕಿ ತಿನ್ನೂದು ಕೋಳಿ ಕೆಲಸ," ಅಂದೆ. "ಕೈಕಾಲು ಗಟ್ಟಿ ಅದಾವಲ್ಲ? ಸಾಲು ಹಿಡಿ. ಸಂಜಿಗಿ ಉಡಿ ತುಂಬ ಒಯ್ಯಿ."

"ದಿನಾ ಪೂರ್ತಿ ಆಗೂದಿಲ್ರಿ. ಅಪ್ಪನ್ನ ಒಬ್ಬನ್ನೇ ಬಿಡಾಕ ಬರೂದಿಲ್ಲ. ಅದಕ್ಕ ಹಕ್ಕಲ ಕೇಳಿದೆ. ಒಂದೀಟು ಆಯ್ದು, ಹೋಗಿ ನೋಡಿ, ಮತ್ತ ಬರತಿದ್ದೆ."

"ಅರ್ಧ ದುಡಿಯವರು ನನಗ ಬ್ಯಾಡ. ಎಲ್ಲಾರಿಗೂ ಒಂದೇ ಕಾಯ್ದೆ."

ಅವಳು ಹಳ್ಳದ ಕಡೆ ನೋಡಿದಳು, ರಾಶಿಯ ಕಡೆ ನೋಡಿದಳು. ಹಿಂದಿನ ದಿನದಿಂದ ಇಬ್ಬರ ಹೊಟ್ಟೆಗೂ ಏನೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಸೆರಗು ಕಟ್ಟಿ ಸಾಲು ಹಿಡಿದಳು.

ಒಕ್ಕಲಗಿತ್ತಿಯ ಕೈ ಅದು. ನಮ್ಮೂರ ಹೆಂಗಸರು ಹಿಂದೆ ಬಿದ್ದರು. ನಾನು ಮೆಚ್ಚಿದೆ, ಬಾಯಿಬಿಟ್ಟು ಹೇಳಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಓಡಿ ಬಂದು, "ಅಣ್ಣಾರ, ಅಪ್ಪಗ ಒಂದು ಚರಿಗಿ ನೀರು ಕೊಟ್ಟು ಬರ್ತೀನ್ರಿ," ಅಂದಳು.

"ಹಿಡಿದ ಸಾಲು ಮುಗಿಸಿ ಹೋಗು," ಅಂದೆ.

ಸಿಟ್ಟಿನಿಂದ ಅಂದದ್ದಲ್ಲ. ಅರ್ಧಕ್ಕೆ ಬಿಟ್ಟ ಸಾಲು ನನಗೆ ನೋಡಲಾಗುತ್ತಿರಲಿಲ್ಲ, ಅಷ್ಟೇ. ಅವಳ ಸಾಲು ಭಾಳ ಉದ್ದವಿತ್ತು. ತಲೆ ಎತ್ತದೆ ಮುರಿದು ಮುಗಿಸಿ ಓಡಿದಳು.

ಕೂಗು ಕೇಳಿ ನಾವು ಹೋದಾಗ, ಅವಳು ಹಳ್ಳದ ಕಲ್ಲುಗಳ ನಡುವೆ ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ದಾರಿ ಕಾದು ಬಾಯಾರಿ, ಮುದುಕ ತಾನೇ ನೀರಿಗೆ ಇಳಿಯಲು ನೋಡಿದ್ದ. ಬಾತ ಕಾಲು ಹಿಡಿತ ತಪ್ಪಿ ಕಲ್ಲಿನ ಮೇಲೆ ಬಿದ್ದಿದ್ದ. ನೀರಿನವರೆಗೆ ಮುಟ್ಟಿರಲೂ ಇಲ್ಲ.

ಊರವರು ಕೂಡಿ ಮಣ್ಣು ಮಾಡಿದೆವು. ಕುಣಿ ನಾನೇ ತೋಡಿದೆ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಕೆಲಸ ಕೊಟ್ಟು ಉಪಕಾರ ಮಾಡಿದವನು ಅಂತಲೇ ಊರು ನನ್ನನ್ನು ತಿಳಿದಿತ್ತು.

ಮರುದಿನ ಒಂದು ಬುಟ್ಟಿ ತೆನೆ ಹೊತ್ತುಕೊಂಡು ಪಾಳುಗುಡಿಗೆ ಹೋದೆ. ಅವಳು ಗಂಟು ಕಟ್ಟುತ್ತಿದ್ದಳು.

"ಇಷ್ಟು ಯಾರಿಗ್ರಿ ಈಗ?" ಅಂದಳು.

ಬುಟ್ಟಿಯನ್ನು ಅವಳ ಮುಂದೆ ಇಳಿಸಿದೆ. ಅವಳು ಬುಟ್ಟಿಯಿಂದ ಎಣಿಸಿದಂತೆ ಅರ್ಧ ಉಡಿ ತೆಗೆದುಕೊಂಡಳು. "ಮಧ್ಯಾಹ್ನದ ತನಕ ದುಡಿದೀನಿ. ಇದು ನಂದು," ಅಂದು ಬಾಲಗಾಂವದ ಹಾದಿ ಹಿಡಿದಳು. ತಿರುಗಿ ನೋಡಲಿಲ್ಲ.

ದವಾಖಾನೆಯಲ್ಲಿ ಇದನ್ನೆಲ್ಲ ಆ ಮಾಸ್ತರನಿಗೆ ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ. ಅವನು, "ಕೊಡು ಅಂತ ಬರದೈತೋ, ಬಿಡು ಅಂತ ಬರದೈತೋ, ಇನ್ನೊಮ್ಮೆ ನೋಡು," ಅಂದ.

ನೋಡಿದೆ. ಬಿಡು ಅಂತಲೇ ಇತ್ತು. ಬಿಟ್ಟರೆ ಬಡವ ತನಗೆ ಬಿಡುವಾದಾಗ ಬರುತ್ತಾನೆ, ಒಯ್ಯುತ್ತಾನೆ. ಒಡೆಯನ ಮುಖ ನೋಡಬೇಕಿಲ್ಲ, ಅವನ ಕಾಯ್ದೆ ಕೇಳಬೇಕಿಲ್ಲ. ನಾನು ಕೊಡುವವನಾಗಿ ಎದುರಿಗೆ ನಿಂತಿದ್ದೆ.

ಮಂಚದ ಮೇಲೆ ಮಲಗಿದ್ದ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. "ನಿಮ್ಮಜ್ಜನೂ ಡೋಣಿ ಹೊಳಿ ದಾಟಿ ಬಂದವನೇ ಅಲ್ಲೇನೋ," ಅಂದಳು. "ಈ ಊರಾಗ ಮೊದಲನೇ ವರ್ಷ ಹಕ್ಕಲ ತಿಂದೇ ಬದುಕಿದ. ನಿನಗ ಹೇಳಿದ್ರ ಮನಸ್ಸು ಸಣ್ಣ ಮಾಡಿಕೊಂಡೀ ಅಂತ ಹೇಳಲಿಲ್ಲ."

ಆ ಸಲದ ಸುಗ್ಗಿಗೆ ಮೂಡಲ ಅಂಚಿನ ಎರಡು ಸಾಲು ಕೀಳದೆ ಬಿಟ್ಟೆ. ಬಿಡುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಕೈ ತಾನೇ ಅತ್ತ ಹೋಗುತ್ತಿತ್ತು. ಕೊನೆಗೆ ಜೋಳದ ಕಣಕಿಯ ಬಣವೆಯ ಹಿಂದೆ ಹೋಗಿ ಕೂತೆ. ಮೊಗಲಾಯಿ ಅಷ್ಟೊತ್ತಿಗೆ ತಣ್ಣಗಾಗಿತ್ತು, ಬಂದವರು ಊರು ಸೇರಿದ್ದರು. ಆ ಹಾದಿಯಲ್ಲಿ ಯಾರೂ ಬರಲಿಲ್ಲ.

ಮೂರನೇ ದಿನ ನಮ್ಮೂರಿನದೇ ಒಬ್ಬ ವಿಧವೆ ಬಂದಳು. ಆಚೀಚೆ ನೋಡಿ ಲಗುಬಗೆಯಿಂದ ತೆನೆ ಮುರಿದು ಉಡಿಗೆ ಹಾಕಿಕೊಳ್ಳತೊಡಗಿದಳು. ಅವಳಿಗೆ ಕಾಣಿಸಿಕೊಳ್ಳಬಾರದು ಅಂತಲೇ ಕೂತಿದ್ದೆ. ಆದರೆ ಕಾಲು ಜೋಮು ಹಿಡಿದು ಎದ್ದು ನಿಂತೆ.

ನನ್ನನ್ನು ಕಂಡದ್ದೇ ಅವಳ ಮುಖ ಬಿಳಿಚಿತು. "ಹೊಟ್ಟಿಗಿಲ್ಲದಕ್ಕ ಕೈ ಹಾಕಿದೆ, ತಪ್ಪಾತ್ರಿ ಯಪ್ಪಾ," ಅಂದು ಉಡಿಯನ್ನೆಲ್ಲ ನೆಲಕ್ಕೆ ಝಾಡಿಸಿದಳು.

"ಒಯ್ಯವ್ವಾ, ನಿನಗಂತಲೇ ಬಿಟ್ಟೀನಿ," ಅಂತ ಕೂಗಿದೆ. ಅವಳು ನಂಬಲಿಲ್ಲ. ಬದು ಹಾರಿ, ಬರಿ ಉಡಿಯಲ್ಲೇ ಓಡಿಹೋದಳು.