ಎಡಗಡೆ ಜೇಬು

ಮೊನ್ನೆ ಯಲಹಂಕದಿಂದ ಬರುವ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದಾಗ ನನ್ನ ಮುಖ ಸುಮ್ಮನೆ ಬಿಸಿಯಾಯಿತು. ಪಕ್ಕದಲ್ಲಿ ಕೂತವರಿಗೆ ಕಾರಣ ತಿಳಿಯುವಂತಿರಲಿಲ್ಲ. ನಿಮಗೆ ಹೇಳುತ್ತೇನೆ. ಆದರೆ ಹೇಳಲು ಹೊರಟರೆ ಮೊದಲು ಬೇರೆ ಏನಾದರೂ ಮಾತಾಡೋಣ ಅನ್ನಿಸುತ್ತದೆ. ಅದೂ ನಾಚಿಕೆಯ ಲಕ್ಷಣವೇ ಇರಬೇಕು.

ವಿದ್ಯಾರಣ್ಯಪುರದಲ್ಲಿ ನಮ್ಮದೊಂದು ಪತ್ತೇದಾರಿ ಕೂಟವಿದೆ. ತಿಂಗಳಿಗೆ ಎರಡು ಭಾನುವಾರ, ಬ್ಯಾಂಕಿನಿಂದ ನಿವೃತ್ತರಾದ ಶ್ರೀಪತಿರಾಯರ ಮನೆಯ ಕಾರ್ ಶೆಡ್ಡಿನಲ್ಲಿ ಎಂಟು ಹತ್ತು ಜನ ಸೇರುತ್ತೇವೆ. ಎಲ್ಲರೂ ಹಳೆಯ ಪತ್ತೇದಾರಿ ಕಾದಂಬರಿ ಓದಿ ಬೆಳೆದವರು. ಕೊಲೆಗಾರ ಯಾರೆಂಬುದರಲ್ಲಿ ನಮಗೆ ಆಸಕ್ತಿಯೇ ಇಲ್ಲ, ಅದು ಎಂದೋ ಗೊತ್ತಾಗಿದೆ. ಪತ್ತೇದಾರನ ಮನೆಗೆ ಎಷ್ಟು ಮೆಟ್ಟಿಲು, ಮೂರನೆಯ ಅಧ್ಯಾಯದಲ್ಲಿ ಎಡಗಾಲು ಕುಂಟುತ್ತಿದ್ದ ಅಡುಗೆಯವನು ಒಂಬತ್ತನೆಯದರಲ್ಲಿ ಬಲಗಾಲು ಯಾಕೆ ಕುಂಟಿದ, ಇಂಥವೇ ನಮ್ಮ ಜಗಳ. ನನ್ನ ಸ್ಕೂಟರಿನ ನಂಬರ್ ಯಾರಾದರೂ ಕೇಳಿದರೆ ನಾನು ಹೊರಗೆ ಹೋಗಿ ನೋಡಿ ಬರಬೇಕು. ಕಾದಂಬರಿಯ ಪತ್ತೇದಾರನ ಕಾರಿನ ನಂಬರ್ ಮಾತ್ರ ಬಾಯಿಪಾಠ.

ಕೂಟದಲ್ಲಿ ಕೊನೆಯ ಮಾತು ನನ್ನದು. ಅಪರೂಪದ ಪುಸ್ತಕಗಳೆಲ್ಲ ಇದ್ದದ್ದು ನನ್ನ ಬೀರುವಿನಲ್ಲಿ, ಅದಕ್ಕೆ. ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತು ವರ್ಷ ಯಾರೂ ನನ್ನ ಮಾತು ಕೇಳಿರಲಿಲ್ಲ. ಇಲ್ಲಿ ನಾನು ಬಾಯಿ ತೆರೆದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಅದರ ರುಚಿ ಹತ್ತಿಬಿಟ್ಟಿತ್ತು.

ಮುನಿರಾಜಪ್ಪನವರು ಸೇರಿದ್ದು ಎರಡು ವರ್ಷದ ಹಿಂದೆ. ಯಲಹಂಕದ ಪಕ್ಕದ ಕೋಗಿಲಿನ ಹಳೆಯ ಮನೆತನದವರು, ನಿವೃತ್ತ ಬಸ್ ಕಂಡಕ್ಟರ್. ಟ್ರಿಪ್ಪಿಗೂ ಟ್ರಿಪ್ಪಿಗೂ ನಡುವೆ ಸಿಗುತ್ತಿದ್ದ ಹತ್ತು ನಿಮಿಷದಲ್ಲಿ, ಬಾಡಿಗೆಗೆ ತಂದದ್ದು, ಫುಟ್‌ಪಾತಿನಲ್ಲಿ ಕೊಂಡದ್ದು ಎಲ್ಲ ಓದಿದವರು. ಒಮ್ಮೆ ಓದಿದ್ದು ಮರೆಯುತ್ತಿರಲಿಲ್ಲ. ಆದರೂ ಮೂಲೆಯ ಸ್ಟೂಲಿನ ಮೇಲೆ ಕೂತು, ಕೇಳಿದರಷ್ಟೇ ಮಾತಾಡುತ್ತಿದ್ದರು.

ಒಂದು ಭಾನುವಾರ ಜಮೀನ್ದಾರನೊಬ್ಬನ ಕೊಲೆಯ ಕಾದಂಬರಿಯ ಮಾತು ಬಂತು. ಹೆಣದ ಕೋಟಿನ ಯಾವ ಜೇಬಿನಲ್ಲಿ ತಿಜೋರಿಯ ಬೀಗದಕೈ ಇತ್ತು? ನಾನು ಠೀವಿಯಿಂದ "ಬಲಗಡೆ" ಅಂದೆ.

ಮೂಲೆಯಿಂದ ಮೆಲ್ಲಗೆ ದನಿ ಬಂತು. "ಎಡಗಡೆ ಅಲ್ವಾ ಸಾರ್? ನಾನೂ ದುಡ್ಡಿನ ಚೀಲ ಎಡಗಡೆಗೇ ಆಕ್ಕೊಳ್ತಿದ್ದೆ. ಅದ್ಕೇ ಗ್ಯಾಪಕ ಐತೆ."

ಎಲ್ಲರೂ ನನ್ನತ್ತ ತಿರುಗಿದರು. ಆ ಪುಸ್ತಕ ಇದ್ದದ್ದು ನನ್ನೊಬ್ಬನ ಬಳಿ. "ಮುಂದಿನ ಸಲ ನೋಡ್ಕೊಂಡ್ ಬರ್ತೀನಿ ಬಿಡಿ" ಎಂದು ನಕ್ಕೆ.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಬೀರು ತೆಗೆದೆ. ಎಡಗಡೆ ಜೇಬು. ಸ್ಪಷ್ಟವಾಗಿ ಅಚ್ಚಾಗಿತ್ತು. ಎರಡು ವಾರ ಹೇಗೆ ಒಪ್ಪಿಕೊಳ್ಳಲಿ ಎಂದು ಯೋಚಿಸಿದೆ. ತಮಾಷೆಯ ಒಂದು ವಾಕ್ಯವನ್ನೂ ಸಿದ್ಧಮಾಡಿಕೊಂಡು ಹೋದೆ. ಶ್ರೀಪತಿರಾಯರು "ಏನ್ ಸಾರ್, ತೀರ್ಪು ಏನಾಯ್ತು?" ಅಂದರು. ಎಂಟು ಮುಖಗಳು ನನ್ನನ್ನೇ ನೋಡುತ್ತಿದ್ದವು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಬಲಗಡೆನೇ."

ಮುನಿರಾಜಪ್ಪ ವಾದಿಸಲಿಲ್ಲ. ಪುಸ್ತಕ ತೋರಿಸಿ ಎನ್ನಲಿಲ್ಲ. "ನೀವು ನೋಡಿದ್ರೆ ಮುಗೀತು ಸಾರ್. ನಂಗೇ ಮರ್ತೋಗೈತೆ ಅನ್ಸುತ್ತೆ" ಎಂದು ತಮ್ಮ ಅಂಗೈ ನೋಡಿಕೊಂಡರು. ಮುಂದಿನ ಭಾನುವಾರ ಅವರು ಬರಲಿಲ್ಲ. ಆಮೇಲೂ ಬರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅವರಿಂದ ಶ್ರೀಪತಿರಾಯರಿಗೆ ಫೋನ್ ಬಂತು. ತಮ್ಮ ಪುಸ್ತಕಗಳನ್ನೆಲ್ಲ ಕೂಟಕ್ಕೆ ಕೊಟ್ಟುಬಿಡುತ್ತಾರಂತೆ, ಯಾರಾದರೂ ಬಂದು ಒಯ್ಯಬೇಕಂತೆ. ಎರಡು ದೊಡ್ಡ ಚೀಲ ಹಿಡಿದು ಹೊರಟವನು ನಾನೇ. ಖುಷಿಯಿಂದಲೇ ಹೋದೆ ಎಂಬುದನ್ನೂ ಬಚ್ಚಿಡುವುದಿಲ್ಲ. ನನ್ನಲ್ಲಿಲ್ಲದ ಏನೇನು ಸಿಗಬಹುದು ಎಂದು ದಾರಿಯುದ್ದಕ್ಕೂ ಎಣಿಸುತ್ತಿದ್ದೆ.

ಕೋಗಿಲಿನ ಮನೆಯಲ್ಲಿ ಅವರ ಹೆಂಡತಿ ಜಯಮ್ಮ ಕಾಫಿ ತಂದಿಟ್ಟರು. ಒಳಕೋಣೆಯಲ್ಲಿ ಪುಸ್ತಕಗಳಿಗೆ ಹುರಿ ಕಟ್ಟುತ್ತಿದ್ದ ಗಂಡನಿಗೆ ಕೇಳದಂತೆ ದನಿ ತಗ್ಗಿಸಿದರು. "ನಮ್ಮತ್ತೆಗೂ ಇಂಗೇ ಶುರುವಾಗಿದ್ದು ಸಾರ್. ಕಡೇಲಿ ಎತ್ತ ಮಗನ್ನೇ 'ಯಾರಪ್ಪಾ ನೀನು' ಅಂತ ಕೇಳೋರು. ಇವ್ರಿಗೂ ಅದೇ ಬಂದದೆ ಅಂತ ಭಯ. ಅದೇನೋ ಜೇಬಂತೆ, ಎಡಗಡೆ ಅಂದ್ಕೊಂಡಿದ್ರಂತೆ, ಬಲಗಡೆ ಇತ್ತಂತೆ. ಡಾಕ್ಟ್ರು ಏನೂ ಇಲ್ಲ ಅಂದ್ರೂ ನಂಬ್ತಿಲ್ಲ."

ಆಗ ಗೋಡೆ ನೋಡಿದೆ. ಸ್ವಿಚ್ಚಿನ ಪಕ್ಕ, ಬಾಗಿಲ ಮೇಲೆ, ಅಡುಗೆಮನೆಯ ಚೌಕಟ್ಟಿನಲ್ಲಿ ಅಂಟಿಸಿದ ಸಣ್ಣ ಚೀಟಿಗಳು. ಗ್ಯಾಸ್ ಆರಿಸಿದೆಯಾ. ಬೀಗ ಹಾಕಿದೆಯಾ. ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದು ಪಳಗಿದ ಕೈಯ ಪುಟ್ಟ ಅಕ್ಷರಗಳು.

ಮುನಿರಾಜಪ್ಪ ಕಟ್ಟುಗಳನ್ನು ಹೊತ್ತು ಹೊರಬಂದರು. ಸೊರಗಿದ್ದರು. "ತಗೊಂಡೋಗಿ ಸಾರ್. ನೆನಪಿರೋರ್ ಅತ್ರ ಇರ್ಲಿ."

"ಎಡಗಡೆನೇ" ಅಂದೆ.

"ಏನ್ ಸಾರ್?"

"ಜೇಬು. ನೀವು ಹೇಳಿದ್ದೇ ಸರಿ. ಅವತ್ತೇ ಮನೇಲಿ ನೋಡಿದ್ದೆ. ಗೊತ್ತಿದ್ದೂ ಸುಳ್ಳು ಹೇಳ್ದೆ."

ಬೈಯುತ್ತಾರೆಂದುಕೊಂಡೆ. ಬೈಯಲಿ ಎಂದು ಕಾದೆ. ಅವರು ಕಟ್ಟನ್ನು ಕೆಳಗಿಟ್ಟು ಕೂಗಿದರು. "ಜಯಾ, ಕೇಳ್ದೇನೇ? ಎಡಗಡೆನೇ ಅಂತೆ ಕಣೇ! ನಂಗೇನೂ ಆಗಿಲ್ಲ ಕಣೇ!" ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಜಯಮ್ಮ ನನ್ನನ್ನು ಒಂದು ಕ್ಷಣ ನೋಡಿ, ಅರ್ಧ ಉಳಿದಿದ್ದ ನನ್ನ ಕಾಫಿ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು.

ಮುನಿರಾಜಪ್ಪ ಮುಖ ಒರೆಸಿಕೊಂಡು ಕೇಳಿದರು. "ಯಾಕ್ ಸಾರ್?"

ನಾವು ಓದುವ ಪುಸ್ತಕಗಳಲ್ಲಿ ಕೊನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿರುತ್ತದೆ: ಆಸ್ತಿ, ಸೇಡು, ಹೆಣ್ಣು. ನನ್ನ ಬಳಿ ಅಷ್ಟು ದೊಡ್ಡ ಕಾರಣ ಯಾವುದೂ ಇರಲಿಲ್ಲ. ಖಾಲಿ ಚೀಲಗಳನ್ನು ಮಡಿಸಿಕೊಂಡು ಬಸ್ ಹತ್ತಿದೆ.

ಮುಂದಿನ ಭಾನುವಾರ ಕೂಟದಲ್ಲಿ ಎಲ್ಲವನ್ನೂ ಹೇಳಿದೆ. ಶ್ರೀಪತಿರಾಯರು ನಕ್ಕುಬಿಟ್ಟರು. "ಒಂದು ಜೇಬಿಗೆ ಇಷ್ಟೊಂದಾ! ಬಿಡಿ ಸಾರ್." ಯಾರಾದರೂ ಸಿಟ್ಟಾಗಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತೋ ಏನೋ.

ಮುನಿರಾಜಪ್ಪ ಈಗ ಮತ್ತೆ ಬರುತ್ತಾರೆ. ಮೂಲೆಯ ಸ್ಟೂಲು ಬಿಟ್ಟು ನನ್ನ ಎದುರಿನ ಕುರ್ಚಿಯಲ್ಲೇ ಕೂರುತ್ತಾರೆ. ಹಳೆಯದನ್ನು ಎಂದೂ ಎತ್ತಿಲ್ಲ. ಆದರೆ ನಾನು ಏನಾದರೂ ಹೇಳಿದರೆ, ತುಂಬ ಮರ್ಯಾದೆಯಿಂದಲೇ, "ಯಾವ ಪುಟ ಸಾರ್?" ಎನ್ನುತ್ತಾರೆ. ನಾನು ಪುಸ್ತಕ ತೆರೆದು ಅವರ ಕೈಗೆ ಕೊಡುತ್ತೇನೆ. ಅವರು ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.