ಇದ್ದತ್ತಿನ ಬಾಗಿಲಿಗೆ ಬಂದ ನೋಟಿಸು

ಎದುರು ಮನೆಯ ಚಾಚಾ ತೀರಿಕೊಂಡ ಮೇಲೆ ಚಾಚಿ ಇದ್ದತ್ತಿಗೆ ಕೂತರು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹೊಸ್ತಿಲು ದಾಟುವುದಿಲ್ಲ, ಪರಗಂಡಸರ ಎದುರು ಬರುವುದಿಲ್ಲ. ನಮ್ಮ ಓಣಿಯಲ್ಲಿ ಇದು ಎಲ್ಲ ಜಾತಿಯವರಿಗೂ ಗೊತ್ತು. ಹಾಲಿನವನೂ ಹಾಲನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ.

ಆ ದಿನಗಳಲ್ಲೇ ರಸ್ತೆ ಅಗಲ ಮಾಡುವವರ ನೋಟಿಸು ಬಂತು. ಮನೆಯ ಬಾಜುವಿನ ತಗಡಿನ ಶೆಡ್ಡು ಸರ್ಕಾರಿ ಜಾಗದಲ್ಲಿದೆ, ತಕರಾರು ಇದ್ದರೆ ವಿಚಾರಣೆಗೆ ಬಂದು ಹೇಳಬೇಕು ಎಂದು. ಆ ಶೆಡ್ಡಿನಲ್ಲಿ ಚಾಚಿಯ ಜಮಖಾನೆ ಮಗ್ಗವಿತ್ತು. ಅದನ್ನು ನಿಲ್ಲಿಸುವಷ್ಟು ಎತ್ತರ ಮನೆಯೊಳಗೆ ಇರಲಿಲ್ಲ.

ಕಚೇರಿಯ ಜವಾನ ಅದನ್ನು ಹಿಡಿದು ಬಂದಾಗ ಚಾಚಿಯ ಮೈದುನ ಕಟ್ಟೆಯ ಮೇಲೆ ಕೂತಿದ್ದ.

"ಭಾಭಿ ಇದ್ದತ್‌ನ್ಯಾಗ ಅದಾರ್ರಿ. ಹೊರಗ ಬರೂದಿಲ್ಲ."

"ಹಂಗಾರ ನೀವ ತಗೊಳ್ರಿ."

"ನನ್ನ ಹೆಸರಿಲೆ ಐತೇನ್ರಿ? ಇದ್ದತ್ ಮುಗಿದ ಮ್ಯಾಲೆ ಅವ್ರ ಬಂದು ತಗೊಂತಾರ. ಮಗ್ಗ ಏನ್ ಓಡಿ ಹೋಗ್ತೈತಿ?"

ಇಷ್ಟನ್ನು ನಾನು ನಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು ನಿಜ. ಒಳಗೆ ಹೋಗಿ ಓದುತ್ತ ಕೂತೆ. ಇದ್ದತ್ತಿನ ಮನೆಯನ್ನು ಯಾರೂ ಏನೂ ಕೇಳುವುದಿಲ್ಲವೆಂದು ಚಾಚಿ ನಂಬಿದ್ದರು, ಓಣಿಯೂ ನಂಬಿತ್ತು.

ಇದ್ದತ್ತು ಮುಗಿದು ಅವರು ಹೊರಬಂದ ಮೇಲೆ ಕಚೇರಿಯ ಕಡತದ ನಕಲು ತೆಗೆಸಿದೆ. ‘ಸ್ವೀಕರಿಸಲು ನಿರಾಕರಿಸಿದ್ದಾರೆ, ಬಾಗಿಲಿಗೆ ಅಂಟಿಸಲಾಗಿದೆ’ ಎಂದಿತ್ತು. ವಿಶ್ವವಿದ್ಯಾಲಯದಲ್ಲಿ ಆಡಳಿತ ಕಾನೂನು ಓದಿದವನಿಗೆ ಉಳಿದದ್ದು ಓದದೆಯೂ ತಿಳಿಯುತ್ತದೆ. ನಿರಾಕರಿಸಿದರೂ ಬಾಗಿಲಿಗೆ ಅಂಟಿಸಿದರೆ ನೋಟಿಸು ಜಾರಿಯಾದಂತೆಯೇ. ವಿಚಾರಣೆಗೆ ಬಾರದವರ ಮೇಲೆ ಏಕಪಕ್ಷೀಯ ಆದೇಶ. ಮೇಲ್ಮನವಿಯ ಅವಧಿ ಚಾಚಿ ಒಳಗಿದ್ದಾಗಲೇ ದಾಟಿತ್ತು.

ವಿಳಂಬ ಮನ್ನಾ ಮಾಡಿರೆಂದು ಅರ್ಜಿ ಬರೆದು, ಅವರ ಜೊತೆ ಮೇಲಿನ ಕಚೇರಿಗೆ ಹೋದೆ. ಹಾಳೆ ಅಂಟಿಸಿಯೇ ಇರಲಿಲ್ಲವೆಂದಾದರೆ ಜಾರಿ ಆದದ್ದೇ ಸುಳ್ಳಾಗುತ್ತಿತ್ತು, ಶೆಡ್ಡು ಉಳಿಯುವ ದಾರಿ ಅದೊಂದೇ. ಮನೆಯವರಲ್ಲದ ಸಾಕ್ಷಿ ನಾನು.

"ಇದ್ದತ್ ತಿಳೀತ್ರಿ," ಅಧಿಕಾರಿ ನನ್ನತ್ತ ತಿರುಗಿದರು. "ನೀವು ಎದುರಿಗೇ ಇರ್ತೀರಿ. ಹಾಳಿ ಇತ್ತೋ, ಇಲ್ಲೋ?"

ಹಸಿರು ಬಾಗಿಲು, ಅದರ ಮೇಲೆ ಬಿಳಿ ಹಾಳೆ, ಗಾಳಿಗೆ ಬಡಿಯುವ ಒಂದು ಮೂಲೆ. ಈಗಲೂ ಕಣ್ಣಿಗೆ ಕಟ್ಟುತ್ತದೆ. ಆದರೆ ಬಾಗಿಲಿಗೆ ಹಸಿರು ಬಣ್ಣ ಹಚ್ಚಿದ್ದೇ ಇದ್ದತ್ತು ಮುಗಿದ ಮೇಲೆ. ಹಾಗಾದರೆ ನಾನು ಕಂಡದ್ದು ಯಾವ ಬಾಗಿಲು? ಕಡತ ಓದಿದ ಮೇಲೆ ನನ್ನ ತಲೆಯೇ ಆ ಹಾಳೆಯನ್ನು ಅಂಟಿಸಿತೇ?

"ನೆನಪಿಲ್ರಿ."

"ಇಲ್ಲಾ ಅನ್ನು ಬೇಟಾ," ಚಾಚಿ ಬುರ್ಖಾದೊಳಗಿಂದ ಪಿಸುಗುಟ್ಟಿದರು. "ಅಷ್ಟ ಅನ್ನು."

"ಖರೇನ ನೆನಪಿಲ್ಲ ಚಾಚಿ."

ಅಧಿಕಾರಿ ನಕ್ಕರು. "ಇಷ್ಟು ಓದಿದವ್ರು ಎದುರಮನಿ ಬಾಗಲಾ ನೋಡೂದಿಲ್ಲೇನ್ರಿ?"

ಅರ್ಜಿ ವಜಾ ಆಯಿತು.

ಶೆಡ್ಡು ಕೆಡವುವ ದಿನ ಓಣಿಯ ಗಂಡಸರು ಮಗ್ಗದ ತೊಲೆಗಳನ್ನು ಬಿಚ್ಚಿದರು. ಅರ್ಧ ನೇಯ್ದ ಜಮಖಾನೆಯನ್ನು ಚಾಚಿ ತಾವೇ ಕತ್ತರಿ ಹಿಡಿದು ಕತ್ತರಿಸಿದರು. ನಾನು ತೊಲೆಯ ಒಂದು ತುದಿ ಹಿಡಿಯಲು ಹೋದೆ.

"ನೀ ಬ್ಯಾಡಪಾ," ಚಾಚಿ ಅಂದರು. "ಹಿಡಿದದ್ದು ನಾಳಿಗೆ ನಿನಗ ನೆನಪಿರೂದಿಲ್ಲ."

ಈಗ ಅವರು ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಾರೆ. ನನ್ನ ಎದುರು ಹಾದರೆ ಮುಖದ ಪರದೆ ಎಳೆದುಕೊಳ್ಳುತ್ತಾರೆ. ಮೊದಲು ಎಳೆದುಕೊಳ್ಳುತ್ತಿರಲಿಲ್ಲ.